ಟಾಮಿ ಹಾರ್ಲನ್ನನ ತಿಥಿ

"ಅಲ್ಲೋ ತಿರುಮಲ, ಇವನ ತಿಥಿ ಯಾವುದು?"

ಸರಸ್ವತೀಬಾಯಿ ಇದನ್ನು ಕೇಳಿದ್ದು ಹೂಬತ್ತಿ ಹೊಸೆಯುತ್ತ, ತಲೆಯನ್ನೂ ಎತ್ತದೆ. ಅವರ ಮಟ್ಟಿಗೆ ಅದು ಸುಮ್ಮನೆ ಬಾಯಿಗೆ ಬಂದ ಮಾತು. ಮಗನಿಗೆ ಮಾತ್ರ ಅಂಗಾಲಿಗೆ ಜಾಲಿಮುಳ್ಳು ಹೊಕ್ಕಂತಾಯಿತು.

ತಿರುಮಲ ಆಗ ಸ್ಟೂಲಿನ ಮೇಲೆ ನಿಂತು ಗೋಡೆಯ ಫೋಟೊ ಒರೆಸುತ್ತಿದ್ದ. ಫೋಟೊದೊಳಗೆ ಹಣೆಯ ಮೇಲೆ ಗೀಜಗನ ಗೂಡಿನಂತೆ ಇಳಿಬಿದ್ದ ಕ್ರಾಪು, ಕೊರಳಿಗೆ ಗಿಟಾರು, ಮಿರಿಮಿರಿ ಮಿಂಚುವ ನೀಲಿ ಕೋಟು. ಅಮೆರಿಕದ ರಾಕ್ ಅಂಡ್ ರೋಲ್ ಗಾಯಕ ಟಾಮಿ ಹಾರ್ಲನ್. ಪಕ್ಕದ ಮೊಳೆಯಲ್ಲಿ ತಿರುಮಲನ ತಂದೆ, ಅಂಗಾರ ಅಕ್ಷತೆ ಹಚ್ಚಿಕೊಂಡು, ಈ ನೆರೆಯವನನ್ನು ಕಂಡೂ ಕಾಣದವರಂತೆ ಎದುರಿನ ಗೋಡೆ ನೋಡುತ್ತಿದ್ದರು. ಇಬ್ಬರಿಗೂ ಒಂದೇ ಅಂಗಡಿಯ ಗಂಧದ ಹಾರ.

"ತಿಥಿ ಏನಮ್ಮ, ಸೆಪ್ಟೆಂಬರ್ ಆರು. ವರ್ಷಾ ಮಾಡ್ತೀವಲ್ಲ."

"ಅದು ತಾರೀಖು. ನಿಮ್ಮಪ್ಪಂದು ಮಾರ್ಗಶಿರ ಬಹುಳ ಪಂಚಮಿ. ತಾರೀಖು ಯಾವುದರ ಇರ್ಲಿ, ಅವರು ಪಂಚಮಿಗೇ ಬರ್ತಾರ. ಇವನೂ ಪಾಪ ತನ್ನ ತಿಥಿಗೆ ಅಂತ ಅಷ್ಟು ದೂರದಿಂದ ಬಂದು, ಇಲ್ಲಿ ಬಾಗಲಾ ಹಾಕಿದ್ದು ನೋಡಿ ಹೋಗಿರ್ತಾನ. ಎಷ್ಟು ಸಲ ಬಂದು ಹೋದನೋ."

ಅಷ್ಟು ಹೇಳಿ ಸರಸ್ವತೀಬಾಯಿ ಮುಂದಿನ ಬತ್ತಿಗೆ ಕೈ ಹಾಕಿದರು. ತಿರುಮಲ ಸ್ಟೂಲಿನಿಂದ ಇಳಿದು ಅದೇ ಸ್ಟೂಲಿನ ಮೇಲೆ ಕುಳಿತುಬಿಟ್ಟ.

ಇವನು ಹೊಸಪೇಟೆಯಲ್ಲಿ ಸರಕಾರಿ ಗುಮಾಸ್ತ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ಮರಳುವ, ಮರಳಿ ನೋಡಿದ ಮೇಲೆ ನೋಡುವಾಗ ಕೈ ತಗುಲಿ ಮತ್ತೆ ಆನ್ ಆಯಿತೋ ಎಂದು ಯೋಚಿಸುವ ಪೈಕಿ. ಲಕೋಟೆಗೆ ಅಂಟು ಹಚ್ಚಿದ ಮೇಲೆ ಒಳಗೆ ಕಾಗದ ಇಟ್ಟೆನೇ ಎಂದು ಬೆಳಕಿಗೆ ಹಿಡಿದು ನೋಡುವವನು. ಅಂಥವನ ಕಿವಿಗೆ, ಸತ್ತವನೊಬ್ಬ ವರ್ಷವರ್ಷವೂ ಬಾಗಿಲಿಗೆ ಬಂದು ಮರಳಿ ಹೋಗುತ್ತಿದ್ದಾನೆ ಎಂಬ ಮಾತು ಬಿದ್ದರೆ ಗತಿಯೇನು?

ಹೊಸಪೇಟೆಯ ವೈಷ್ಣವರ ಮನೆಯ ಗೋಡೆಗೆ ಟಾಮಿ ಹಾರ್ಲನ್ ಏರಿದ್ದು ಒಂದು ಲಾರಿಯ ದೆಸೆಯಿಂದ. ತಿರುಮಲ ಹರೆಯದಲ್ಲಿ ಹಗಲು ಸಂಡೂರಿನ ಒಂದು ಕಚೇರಿಯಲ್ಲಿ ದಿನಗೂಲಿ ಮಾಡುತ್ತ, ಸಂಜೆ ಹೊಸಪೇಟೆಯ ಸಂಜೆ ಕಾಲೇಜಿನಲ್ಲಿ ಓದುತ್ತಿದ್ದ. ಬಸ್ಸು ಹೊತ್ತಿಗೆ ಸಿಗುತ್ತಿರಲಿಲ್ಲ. ಅದಿರಿನ ಲಾರಿ ಓಡಿಸುತ್ತಿದ್ದ ಯಶವಂತನಗರದ ಓಬಳಪ್ಪ ದಾರಿಯಲ್ಲಿ ಹತ್ತಿಸಿಕೊಳ್ಳುತ್ತಿದ್ದ. ಓಬಳಪ್ಪನೂ ಅದೇ ಕಾಲೇಜಿಗೆ ಹೆಸರು ಹಚ್ಚಿದ್ದ, ಆದರೆ ಕಾಲೇಜಿನ ಮುಂದೆ ಲಾರಿ ನಿಲ್ಲಿಸಲು ಜಾಗವಿಲ್ಲವೆಂದು ವಿದ್ಯೆಯನ್ನೇ ಬಿಟ್ಟ.

ಆ ಲಾರಿಯಲ್ಲೊಂದು ಟೇಪ್‌ರೆಕಾರ್ಡರ್ ಇತ್ತು. ಹಂಪಿಯಿಂದ ಹೊಸಪೇಟೆ ಸ್ಟೇಷನ್ನಿನವರೆಗೆ ಒಬ್ಬ ಬಿಳಿಯ ಪ್ರವಾಸಿಯನ್ನು ಕೂರಿಸಿಕೊಂಡು ಬಂದಾಗ, ಅವನು ಖುಷಿಯಾಗಿ ತನ್ನ ಕ್ಯಾಸೆಟ್ಟನ್ನು ಅದರ ಬಾಯಿಗೆ ತುರುಕಿದ. ಸ್ಟೇಷನ್ ಬಂದರೂ ಕ್ಯಾಸೆಟ್ಟು ಹೊರಗೆ ಬರಲಿಲ್ಲ. ಬಿಳಿಯ ಎಳೆದ, ಓಬಳಪ್ಪ ಎಳೆದ, ಕೂಲಿಯೊಬ್ಬ ಸ್ಕ್ರೂಡ್ರೈವರ್ ಹಾಕಿ ಮೀಟಿದ. ರೈಲು ಕೂಗಿತು, ಬಿಳಿಯ ಓಡಿದ, ಕ್ಯಾಸೆಟ್ಟು ಅಲ್ಲೇ ಉಳಿಯಿತು. ಅಂದಿನಿಂದ ಆ ಲಾರಿಯಲ್ಲಿ ಟಾಮಿ ಹಾರ್ಲನ್ ಒಬ್ಬನೇ, ಅದೂ ಒಂದೇ ಮಗ್ಗುಲು. ಬೇಡವೆಂದರೂ ಐದು ಹಾಡು, ಬೇಕೆಂದರೂ ಅವೇ ಐದು. ಮೊದಲ ತಿಂಗಳು ಓಬಳಪ್ಪ ಬೈದ. ಎರಡನೆಯ ತಿಂಗಳು ಗುನುಗಿದ. ಮೂರನೆಯ ತಿಂಗಳು ಸಂಡೂರಿನ ಘಾಟಿ ಇಳಿಯುವಾಗ ಎದೆ ತುಂಬಿ ಹಾಡತೊಡಗಿದ. ಅದಿರಿನ ಧೂಳು ಕುಡಿದು ಒಡೆದಿದ್ದ ಅವನ ದನಿ ಆ ಹಾಡುಗಳಿಗೆ ಹೇಳಿ ಮಾಡಿಸಿದಂತಿತ್ತು. ಇಂಗ್ಲಿಷು ಬಾರದ ಅವನಿಗೆ ಸಂಜೆ ಕಾಲೇಜಿನ ತಿರುಮಲ ಪದಗಳನ್ನು ಕನ್ನಡದಲ್ಲಿ ಬರೆದುಕೊಟ್ಟು, ಗೊತ್ತಿದ್ದಷ್ಟು ಅರ್ಥವನ್ನೂ ಹೇಳಿದ. ಗೆಳೆತನ ಬೆಸೆದುಕೊಂಡಿದ್ದು ಹಾಗೆ. ಎಷ್ಟೋ ವರ್ಷದ ಮೇಲೆ ಮೊಬೈಲು ಬಂದು ಇನ್ನೊಂದು ಮಗ್ಗುಲಿನ ಹಾಡುಗಳೂ ಸಿಕ್ಕವು. ಇಬ್ಬರಿಗೂ ಅವು ಹಿಡಿಸಲಿಲ್ಲ.

ಟಾಮಿ ಸತ್ತ ಸುದ್ದಿಯನ್ನು ತಿರುಮಲ ಪತ್ರಿಕೆಯ ಮೂಲೆಯಲ್ಲಿ ಓದಿದ್ದು ಹೊಸದಾಗಿ ಮದುವೆಯಾಗಿದ್ದಾಗ. "ಟಾಮಿ ಹೋಗಿಬಿಟ್ಟ" ಎಂದು ಕಣ್ಣು ಒರೆಸಿಕೊಂಡವನನ್ನು ಹೆಂಡತಿ ಶ್ರೀಲಕ್ಷ್ಮೀ ಮರುಕದಿಂದ ನೋಡಿ, "ಎಲ್ಲಿ ಹೂಳಿದ್ರಿ? ಕಚ್ಚೋ ನಾಯಿ ಆಗಿದ್ದಿಲ್ಲ ಹೌದಲ್ಲ?" ಎಂದು ಕೇಳಿದ್ದಳು.

ಮರುವರ್ಷದಿಂದ ಪುಣ್ಯತಿಥಿ ಶುರುವಾಯಿತು. ಕಂಪ್ಲಿಯ ಮೈಕ್‌ಸೆಟ್ಟಿನ ಉಚ್ಚೆಂಗಪ್ಪ ಜೊತೆಗೂಡಿದ. ಹೊಸ ಸ್ಪೀಕರ್ ಬಂದರೆ ಟಾಮಿಯ ಹಾಡು ಹಾಕಿ ಪರೀಕ್ಷಿಸುವುದು ಅವನ ರೂಢಿ. ಹೊಳೆಯ ದಂಡೆಯಲ್ಲಿ, ಬಾಳೆತೋಟದ ಪಕ್ಕ ಇರುವ ಅವನ ಶೆಡ್ಡಿನಲ್ಲಿ ವರ್ಷಕ್ಕೊಮ್ಮೆ ಸೇರುವುದು. ತಿರುಮಲ ಕಾರ್ಯದರ್ಶಿ, ಅವನದು ಸ್ವಾಗತ ಮತ್ತು ವಂದನಾರ್ಪಣೆ. ನಡುವೆ ಓಬಳಪ್ಪನ ಐದು ಹಾಡು. ಆಮೇಲೆ ಮಂಡಕ್ಕಿ ಮಿರ್ಚಿ. ಬಳಗದಲ್ಲಿ ಈಗ ಹತ್ತೆಂಟು ಮಂದಿ ಇದ್ದಾರೆ, ಅವರಲ್ಲಿ ಮೂವರು ಟಾಮಿಯ ಅಭಿಮಾನಿಗಳು, ಉಳಿದವರು ಮಿರ್ಚಿಯ ಅಭಿಮಾನಿಗಳು.

ಇರಲಿ. ತಾಯಿ ತಿಥಿ ಕೇಳಿದ ಮರುದಿನವೇ ತಿರುಮಲ ಕಮಲಾಪುರಕ್ಕೆ ಹೋಗಿ, ಪೌರೋಹಿತ್ಯ ಮಾಡುವ ಸೋದರತ್ತೆಯ ಮಗ ಮಧ್ವೇಶನನ್ನು ಹಿಡಿದ. ಮಧ್ವೇಶ ಹಂಪಿಗೆ ಹೊರಟು ಬೈಕಿನ ಮೇಲೆ ಕುಳಿತಿದ್ದವನು ಇಳಿದು, ಮಡಿಸಂಚಿಯಿಂದ ಕನ್ನಡಕ ತೆಗೆದ.

"ಎಷ್ಟು ಹೊತ್ತಿಗೆ ತೀರಿದ?"

"ರಾತ್ರಿ ಹನ್ನೊಂದಕ್ಕ, ಟೆಕ್ಸಾಸ್‌ನಾಗ. ಇಲ್ಲಿ ಆಗ ಮರುದಿನ ಬೆಳಿಗ್ಗೆ. ನಾ ಆಫೀಸಿಗೆ ಹೊಂಟಿದ್ದೆ."

"ನೀ ಎಲ್ಲಿಗೆ ಹೊಂಟಿದ್ದಿ ಅನ್ನೋದು ಪಂಚಾಂಗದಾಗ ಬರೋದಿಲ್ಲ." ಮಧ್ವೇಶ ಮೊಬೈಲಿನಲ್ಲಿ ಹಳೆಯ ಪಂಚಾಂಗ ತೆಗೆದು ಬೆರಳು ಮಡಿಚಿದ. "ಅಲ್ಲೀ ಸೂರ್ಯೋದಯ ಹಿಡಿದ್ರ ದಶಮಿ. ಇಲ್ಲೀದು ಹಿಡಿದ್ರ ಏಕಾದಶಿ. ಸಂಶಯ ಅದ. ನಾನಾದ್ರ ಏಕಾದಶಿನೇ ಹಿಡೀತೀನಿ. ಏಕಾದಶಿ ದಿನ ನಮ್ಮಲ್ಲಿ ಶ್ರಾದ್ಧ ಇಲ್ಲ, ದ್ವಾದಶಿಗೆ ಮಾಡು."

"ಅವ ಏಕಾದಶಿ ಮಾಡ್ತಿದ್ದಿಲ್ಲಲ್ಲೋ."

"ಮಾಡೋನು ನೀನೋ ಅವನೋ? ಗೋತ್ರ ಯಾವುದು?"

"ಅಮೆರಿಕದವನಿಗೆ ಗೋತ್ರ ಎಲ್ಲಿಂದ ತರ್ಲಿ?"

"ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ. ಬರಕೋ. ಕಾಶ್ಯಪ ಗೋತ್ರದ ಹಾರ್ಲನ್." ಮಧ್ವೇಶ ಬೈಕ್ ಒದ್ದ. "ಮತ್ತ ನಾ ಹೇಳಿದೆ ಅಂತ ಎಲ್ಲೂ ಹೇಳಬ್ಯಾಡ ಮಾರಾಯ. ಹೊಟ್ಟೆಪಾಡು."

ಇಲ್ಲಿಗೆ ಬಿಟ್ಟಿದ್ದರೆ ಕತೆಯೇ ಇರುತ್ತಿರಲಿಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ತಿರುಮಲ ಅಂದು ಊಟದ ವಿರಾಮದಲ್ಲಿ ಬಳಗದ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬರೆದ. ಬರೆದು, ಅಳಿಸಿ, ತಪ್ಪಿಗೆ ಎಡೆಯಿರಬಾರದೆಂದು ಕಚೇರಿಯ ಭಾಷೆಯಲ್ಲಿ ಮತ್ತೆ ಬರೆದ: "ಸದಸ್ಯರ ಗಮನಕ್ಕೆ. ಶಾಸ್ತ್ರೋಕ್ತವಾಗಿ ವಿಚಾರಿಸಲಾಗಿ, ಈವರೆಗೆ ತಾರೀಖಿನ ಪ್ರಕಾರ ಆಚರಿಸಿದ ಪುಣ್ಯತಿಥಿಗಳು ಲೆಕ್ಕಕ್ಕೆ ಬರುವುದಿಲ್ಲವೆಂದು ತಿಳಿದುಬಂದಿರುತ್ತದೆ. ಆದ ಪ್ರಯುಕ್ತ ಈ ವರ್ಷದಿಂದ ಭಾದ್ರಪದ ಶುದ್ಧ ದ್ವಾದಶಿಯಂದು ಆಚರಿಸತಕ್ಕದ್ದು."

ಮೊದಲು ಕಂಪ್ಲಿಯಿಂದ ಉಚ್ಚೆಂಗಪ್ಪನ ಉತ್ತರ ಬಂತು. ಗಣಪತಿ ಸೀಜನ್ನು, ದ್ವಾದಶಿ ತ್ರಯೋದಶಿ ಎಲ್ಲಾ ದಿನಕ್ಕೂ ಸ್ಪೀಕರ್ ಬಾಕ್ಸುಗಳು ಬುಕ್ಕಾಗಿವೆ, ಆರನೇ ತಾರೀಖಿಗೆ ಮಾತ್ರ ಹಳೇ ಸೆಟ್ಟೊಂದು ಎತ್ತಿಟ್ಟಿದ್ದೇನೆ ಎಂದು. ಆಮೇಲೆ ಓಬಳಪ್ಪನ ವಾಯ್ಸ್ ಮೆಸೇಜು ಬಂತು. ಹಿನ್ನೆಲೆಯಲ್ಲಿ ಟಿಪ್ಪರಿನ ಎಂಜಿನ್ನು ಗುರುಗುಟ್ಟುತ್ತಿತ್ತು.

"ಲೇ ತಿರುಮಲ, ಲೆಕ್ಕಕ್ಕ ಬರಂಗಿಲ್ಲಂದ್ರ ಏನಲೇ? ಹಂಗಾದ್ರ ನಾ ಇಷ್ಟು ವರ್ಷ ಹಾಡಿದ್ದು ಯಾರಿಗೆ? ಕಾಗಿಗೇನು? ಆತು, ಸೆಕ್ರೆಟ್ರಿ ಸಾಹೇಬ್ರು ತಮ್ಮ ದ್ವಾದಶಿ ತಾವ ಹಾಡ್ಕೊಳ್ರಿ."

ಅದರ ಕೆಳಗೆ, ಹಲ್ಲಿಯ ಬಾಲದಂತೆ ಸಣ್ಣ ಅಕ್ಷರದಲ್ಲಿ, ಓಬಳಪ್ಪ ಗುಂಪಿನಿಂದ ಹೊರನಡೆದಿದ್ದಾರೆ ಎಂದು ತೋರಿಸಿತು.

ಎಷ್ಟು ಸಲ ಫೋನ್ ಮಾಡಿದರೂ ಅವನು ಎತ್ತಲಿಲ್ಲ. ಉಚ್ಚೆಂಗಪ್ಪ ಮಾತ್ರ ಎತ್ತಿ, ಎತ್ತಿದ ಮೇಲೆ ಬಿಡಲಿಲ್ಲ.

"ಅಲ್ಲ ಸೆಕ್ರೆಟ್ರಿ, ಹಾಡೋರ್ಯಾರು ಈಗ? ನೀನಾ? ನೀ ವಂದನಾರ್ಪಣೆ ಮಾಡಿದ್ರನ ನನ್ನ ಮೈಕು ಕೆಮ್ಮತೈತಿ."

"ಶಾಸ್ತ್ರ ಏನದ ಅಂತ ಹೇಳ್ದೆ ಅಷ್ಟ, ಉಚ್ಚೆಂಗಪ್ಪ. ಅವ ಯಾಕ ಹಂಗ ತಗೊಂಡ?"

"ನಿನಗ ತಿಳಿಯಂಗಿಲ್ಲ ಬಿಡು. ವರ್ಷೆಲ್ಲ ಅವಗ ಗಣಿ ಗೇಟಿನ್ಯಾಗ 'ಏ ಲಾರಿ, ಹಿಂದಕ್ಕ ತಗಿ' ಅಂತಾರ. ಒಂದು ದಿನ ಮೈಕ್ ಮುಂದ ನಿಂತಾಗ ನಾವು ಸುಮ್ಕ ಕುಂತು ಕೇಳ್ತೀವಿ. ನೀ ಅದನ್ನ ಹೊಡದು ಹಾಕಿದಿ. ಅವನ್ನ ಕರಕೊಂಡು ಬಾ. ಅವ ಬರದ ಇದ್ರ ಶೆಡ್ಡಿನ ಕೀಲಿ ತೆಗಿಯಂಗಿಲ್ಲ, ಈ ವರ್ಷಲ್ಲ, ಯಾವ ವರ್ಷಾನೂ."

ತಿರುಮಲ ಗುಂಪಿಗೆ ಕಳಿಸಿದ ಸಂದೇಶವನ್ನು ತೆರೆದು ಮತ್ತೆ ಓದಿದ. ಲೆಕ್ಕಕ್ಕೆ ಬರುವುದಿಲ್ಲ ಎಂದು ಬರೆಯುವಾಗ ಅವನ ಕಣ್ಣ ಮುಂದೆ ಪಂಚಾಂಗವೊಂದೇ ಇತ್ತು. ಓಬಳಪ್ಪ ಕಣ್ಣು ಮುಚ್ಚಿ, ಮೈಕನ್ನು ಸ್ಟೀರಿಂಗಿನಂತೆ ಎರಡೂ ಕೈಯಲ್ಲಿ ಹಿಡಿದು ಹಾಡುವುದು ಈಗ ಕಾಣಿಸಿತು. ಬಾಗಿಲಿಗೆ ಬಂದವನನ್ನು ಮರಳಿ ಕಳಿಸಿದ್ದು ಯಾರು ಅಂತ ಯೋಚಿಸುತ್ತ ಹೋದರೆ ಉತ್ತರ ಹಿತವಾಗಿರಲಿಲ್ಲ.

ಆದರೂ ದ್ವಾದಶಿ ಬಂದಾಗ ಬಿಡಲಾಗಲಿಲ್ಲ. ಫೋಟೊದ ಮುಂದೆ ಒಬ್ಬನೇ ಕುಳಿತು, ಮೊಬೈಲಿನಲ್ಲಿ ಮೊದಲ ಹಾಡು ಹಾಕಿ, ತಾನೂ ಸಣ್ಣಗೆ ದನಿಗೂಡಿಸಿದ. ಎರಡನೆಯ ಸಾಲಿಗೆ ಪಕ್ಕದ ಮನೆಯ ಭೀಮಮ್ಮ ಗೋಡೆಯಾಚೆಯಿಂದ, "ಸರಸ್ವತಮ್ಮಾರ, ಯಾರಿಗರ ಆರಾಮಿಲ್ಲೇನ್ರಿ?" ಎಂದು ಕೂಗಿದರು. ಅಲ್ಲಿಗೆ ದ್ವಾದಶಿ ಮುಗಿಯಿತು.

ಆರನೆಯ ತಾರೀಖು ಅವನು ಸಂಡೂರಿನ ಬಸ್ಸು ಹಿಡಿದ. ಊರೂರಲ್ಲೂ ಗಣಪತಿ ಕಳಿಸುವ ಗದ್ದಲ. ಯಶವಂತನಗರದಲ್ಲಿ ಇಳಿದಾಗ ಮಟಮಟ ಮಧ್ಯಾಹ್ನ, ಮರ, ಮನೆ, ನಾಯಿ ಎಲ್ಲವೂ ಅದಿರಿನ ಕೆಂಪು ಬಳಿದುಕೊಂಡು ತೂಕಡಿಸುತ್ತಿದ್ದವು. ಓಬಳಪ್ಪನ ಮನೆಯ ಮುಂದೆ ಟಿಪ್ಪರ್ ನಿಂತಿತ್ತು. ಕ್ಯಾಬಿನ್ನಿನ ಗಾಜು ಏರಿಸಿತ್ತು. ಒಳಗೆ ಓಬಳಪ್ಪ ಸ್ಟೀರಿಂಗು ಹಿಡಿದು, ಕಣ್ಣು ಮುಚ್ಚಿ, ಬಾಯಿ ಅಗಲಿಸಿ ಹಾಡುತ್ತಿದ್ದ. ಹೊರಗೆ ಒಂದು ಸ್ವರವೂ ಕೇಳುತ್ತಿರಲಿಲ್ಲ. ಅಕ್ವೇರಿಯಂನ ಮೀನಿನಂತೆ ಕಾಣುತ್ತಿದ್ದ. ತುಟಿ ಆಡುವುದನ್ನು ನೋಡಿ ಅದು ಮೂರನೆಯ ಹಾಡು ಎಂದು ತಿರುಮಲನಿಗೆ ತಿಳಿಯಿತು. ಮುಗಿಯುವ ತನಕ ಬಿಸಿಲಲ್ಲೇ ನಿಂತ. ಆಮೇಲೆ ಟಿಪ್ಪರಿನ ಮೆಟ್ಟಿಲು ಹತ್ತಿ ಗಾಜು ತಟ್ಟಿದ.

ಓಬಳಪ್ಪ ಕಣ್ಣು ತೆರೆದ, ನೋಡಿದ, ಗಾಜು ಮಾತ್ರ ಇಳಿಸಲಿಲ್ಲ. ತಿರುಮಲ ಗಾಜಿಗೆ ಬಾಯಿ ಹಚ್ಚಿ ಕೂಗಬೇಕಾಯಿತು.

"ತಪ್ಪಾತೋ ಓಬ್ಳಾ. ಲೆಕ್ಕಕ್ಕ ಬರೋದಿಲ್ಲ ಅಂದದ್ದು ಶಾಸ್ತ್ರದ ಲೆಕ್ಕಕ್ಕ. ಪ್ರೀತಿ ಲೆಕ್ಕ ಬ್ಯಾರೆ. ಅಂದ್ರ ಪ್ರೀತಿನೂ ಲೆಕ್ಕಕ್ಕ ಬರ್ತದ, ಆದ್ರ ಅದು ಯಾವ ಲೆಕ್ಕಕ್ಕ ಅಂದ್ರ..."

ಗಾಜು ನಾಲ್ಕು ಬೆರಳು ಇಳಿಯಿತು. "ಇಳಿ ಕೆಳಗ," ಎಂದ ಓಬಳಪ್ಪ. ಒಂದು ಬೆರಳು ಸಂದು ಉಳಿಸಿ ಗಾಜು ಏರಿತು.

ಒಳಗಿನಿಂದ ಅವನ ಹೆಂಡತಿ ಬಸಕ್ಕ ಚಹಾ ಹಿಡಿದು ಬಂದಳು. "ಅಣ್ಣಾ, ಬರ್ರಿ, ನೆಳ್ಳಿಗೆ ಕುಂದ್ರಿ. ಮುಂಜಾನಿಂದ ಹಂಗ ಕುಂತಾನ, ಊಟಕ್ಕೂ ಇಳಿದಿಲ್ಲ. ಡೀಸೆಲ್ ಒಂದು ಕುಡಿಯಂಗಿಲ್ಲ ಅಷ್ಟ."

ತಿರುಮಲ ಕಟ್ಟೆಯ ಮೇಲೆ ಕುಳಿತು ದಶಮಿ, ಏಕಾದಶಿ, ಟೆಕ್ಸಾಸಿನ ಸೂರ್ಯೋದಯ ಎಲ್ಲವನ್ನೂ ಬಸಕ್ಕನ ಮುಂದೆ ಒಪ್ಪಿಸಿದ. ಅವಳು ಎಲ್ಲವನ್ನೂ ಕೇಳಿ ಲೋಟ ಮರಳಿ ತೆಗೆದುಕೊಂಡಳು.

"ಇಷ್ಟಕ್ಕ ಇಷ್ಟು ಜಗಳಾನಾ? ನಮ್ಮ ಹಿರೇರು ಯಾವತ್ತು ಸತ್ರು ಅಂತ ಯಾರ ಬರದಿಟ್ಟಾರ? ಎಲ್ರೂ ಮಾಳದ ಅಮಾಸಿಗೆ ಬರ್ತಾರ. ಅವ್ರಿಗೆ ಏನು ಸೇರತಿತ್ತೋ ಅದನ್ನ ಮಾಡಿ ಎಡಿ ಇಡ್ತೀವಿ. ಈ ಟಾಮಿ ಮಾಮಗೂ ಒಂದು ಎಲಿ ಹಾಕಿದ್ರ ಮುಗೀತು."

ಗಾಜು ಇಳಿಯಿತು. "ಅವ ನಮ್ಮ ಹಿರೇನೇನಬೇ?"

"ಲಗ್ನ ಆಗಿ ಬಂದಾಗಿಂದ ನಿಮ್ಮಪ್ಪನ ದನಿಗಿಂತ ಅವನ ದನಿನ ಹೆಚ್ಚಿಗಿ ಕೇಳೇನಿ. ಮಾವ ಅನ್ನದ ಏನನ್ಲಿ?"

ಓಬಳಪ್ಪ ಸ್ಟೀರಿಂಗು ಒರೆಸತೊಡಗಿದ. "ಅಮಾಸಿಗೆ ನೀ ಎಲ್ಲಿ ಎಡಿ ಇಡ್ತೀ ಅಲ್ಲಿಗೆ ಬರ್ತೀನಿ, ನಿನ್ನ ಕರಕೊಂಡು ಹೋಗಾಕಂತ. ಹಾಡಂಗಿಲ್ಲ," ಎಂದ. ತಿರುಮಲನ ಕಡೆ ತಿರುಗದೆ, "ಲೆಕ್ಕಕ್ಕ ಬರಲಾರದ್ದನ್ನ ಯಾಕ ಹಾಡ್ಲಿ," ಎಂದು ಸೇರಿಸಿದ.

ಮನೆಗೆ ಬಂದ ತಿರುಮಲ ಅಂಜುತ್ತಂಜುತ್ತ ತಾಯಿಯ ಮುಂದೆ ಅಮಾವಾಸ್ಯೆಯ ಮಾತೆತ್ತಿದ. ಸರಸ್ವತೀಬಾಯಿ ಸೊಪ್ಪು ಸೋಸುತ್ತಿದ್ದರು.

"ಅದೇ ಸರಿ. ತಿಥಿ ಗೊತ್ತಿಲ್ಲದವರಿಗೆ, ಸಂಶಯ ಇದ್ದವರಿಗೆ ಮಹಾಲಯ ಅಮಾವಾಸ್ಯೆ ಅಂತಲೇ ಇಟ್ಟಾರಲ್ಲ. ಚಿಕ್ಕ ಹುಡುಗರಿಗೂ ಗೊತ್ತು."

"ಮತ್ತ ಅವತ್ತೇ ಹೇಳಬಾರದಿತ್ತೇನಮ್ಮ?"

"ನಾ ತಿಥಿ ಯಾವುದು ಅಂತ ಕೇಳ್ದೆ. ನೀ ಗೊತ್ತಿಲ್ಲ ಅಂದಿದ್ರ ಹೇಳ್ತಿದ್ದೆ. ನೀ ಸೆಪ್ಟೆಂಬರ್ ಅಂದಿ."

ಮಧ್ವೇಶನಿಗೆ ಫೋನ್ ಮಾಡಿದರೆ ಅವನೂ ಹೌದೆಂದ. ಉಚ್ಚೆಂಗಪ್ಪನಿಗಂತೂ ಹಬ್ಬ. ಪಕ್ಷಮಾಸದಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ, ಗೃಹಪ್ರವೇಶವಿಲ್ಲ, ಅವನ ಬಾಕ್ಸುಗಳೆಲ್ಲ ಶೆಡ್ಡಿನಲ್ಲಿ ಇಲಿಗೆ ಮನೆಯಾಗಿ ಬಿದ್ದಿರುತ್ತವೆ. "ದೊಡ್ಡ ಸೆಟ್ಟ ಹಚ್ಚೋಣು ಸೆಕ್ರೆಟ್ರಿ. ಗಂಗಾವತಿಗೆ ಕೇಳಬೇಕು, ಹಂಗ," ಎಂದ. ಶಾಸ್ತ್ರ, ಸಂಪ್ರದಾಯ, ಮೈಕ್‌ಸೆಟ್ಟು ಮೂರೂ ಒಂದೇ ದಿನಕ್ಕೆ ಬಂದು ಕುಳಿತವು. ದಾರಿಗೆ ಬಾರದವನು ಒಬ್ಬನೇ, ಬಂದರೂ ಹಾಡಲೊಲ್ಲದ ಓಬಳಪ್ಪ.

ಅಮಾವಾಸ್ಯೆ ಭಾನುವಾರ ಬಿತ್ತು. ಕಂಪ್ಲಿಯ ಹೊಳೆದಂಡೆಯ ಉದ್ದಕ್ಕೂ ಜನ. ಮನೆಮನೆಯವರು ತಮ್ಮ ಹಿರಿಯರಿಗೆ ಎಲೆ ಹಾಕಿ ಕಾಗೆ ಕರೆಯುತ್ತಿದ್ದರು. ಉಚ್ಚೆಂಗಪ್ಪನ ಶೆಡ್ಡಿನ ಮುಂದೆ, ಬೇವಿನ ಮರದ ಕೆಳಗೆ, ಕುರ್ಚಿಯ ಮೇಲೆ ಟಾಮಿ ಹಾರ್ಲನ್ ಕುಳಿತಿದ್ದ. ಎಡಬಲಕ್ಕೆ ಆಳೆತ್ತರದ ಸ್ಪೀಕರುಗಳು. ಎದುರಿಗೆ ಎರಡು ಬಾಳೆಲೆ. ಒಂದು ಸರಸ್ವತೀಬಾಯಿಯವರದು, ವಡೆ, ಹೆಸರುಬೇಳೆ ಪಾಯಸ, ತೊವ್ವೆ. ಅದರಿಂದ ಮಾರು ದೂರದಲ್ಲಿ ಬಸಕ್ಕನದು, ಮಟನ್ನು, ಜೋಳದ ರೊಟ್ಟಿ, ಮಗ್ಗುಲಲ್ಲೊಂದು ಕ್ವಾರ್ಟರ್ ಬಾಟಲಿ. ಎಲೆಯ ತಲೆಗೆ ಅವಳು ಹಳೆಯ ಲಾರಿಯ ಟೇಪ್‌ರೆಕಾರ್ಡರನ್ನೂ ತಂದಿಟ್ಟಿದ್ದಳು, ಬಾಯಲ್ಲಿ ಕ್ಯಾಸೆಟ್ಟು ಸಮೇತ. ಅದು ಹಾಡುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಕ್ಯಾಸೆಟ್ಟು ಬಿಟ್ಟಿರಲಿಲ್ಲ.

ಸರಸ್ವತೀಬಾಯಿ ಸೆರಗು ಮೂಗಿಗೆ ಹಿಡಿದು ಆ ಎಲೆಯ ಕಡೆ ಒಮ್ಮೆ ನೋಡಿದರು. "ಅವನಿಗೆ ಅದು ಸೇರ್ತಿತ್ತೇನವಾ?"

"ಅಮೆರಿಕದಾಗ ಇನ್ನೇನು ತಿಂತಾರ್ರಿ ಅಮ್ಮಾರ, ಪುಂಡಿಪಲ್ಲೆ ಬೆಳಿಯಂಗಿಲ್ಲಂತ."

"ಹೌದು ಮತ್ತ," ಎಂದು ಸರಸ್ವತೀಬಾಯಿ ಒಪ್ಪಿಕೊಂಡರು.

ಓಬಳಪ್ಪ ಬಂದಿದ್ದ. ಮಾತಿಗೆ ತಪ್ಪದೆ ಶೆಡ್ಡಿನ ಕಂಬಕ್ಕೆ ಒರಗಿ, ಕೈಕಟ್ಟಿ, ಹೊಳೆಯ ಕಡೆ ಮುಖ ಮಾಡಿ ನಿಂತಿದ್ದ. ತಿರುಮಲ ಸ್ವಾಗತ ಭಾಷಣ ಮಾಡಿದ. ಗಾಯನ ಎಂದು ಹೇಳುವ ಜಾಗವನ್ನು ಹಾರಿಸಿ, ಈಗ ಕಾಗೆ ಕರೆಯತಕ್ಕದ್ದು ಎಂದ.

ಎಲ್ಲರೂ ಕರೆದರು. ಕಾಗೆ ಬರಲಿಲ್ಲ. ಕಾಗೆಗೇನು ಬರವಿರಲಿಲ್ಲ, ಬೇವಿನ ಮರದ ತುಂಬ ಕಾಗೆಗಳೇ ಇದ್ದವು. ಬೆಳಗಿನಿಂದ ದಂಡೆಯ ಎಲೆಗಳನ್ನೆಲ್ಲ ತಿಂದು ಹೊಟ್ಟೆ ಬಿರಿದು, ಕೊಂಬೆಯ ಮೇಲೆ ಗುಡಾಣದಂತೆ ಕುಳಿತಿದ್ದವು. ಕಾಗೆ ಮುಟ್ಟದೆ ಯಾರೂ ಉಣ್ಣುವಂತಿಲ್ಲ. ಮಿರ್ಚಿಯ ಅಭಿಮಾನಿಗಳು ಹೊಟ್ಟೆ ಹಿಡಿದುಕೊಂಡು ಮರ ನೋಡುತ್ತ ನಿಂತರು. ಬಿಸಿಲು ಇಳಿಯತೊಡಗಿತು.

"ಇವತ್ತ ಕಾಗಿಗೂ ಡಿಮ್ಯಾಂಡು," ಎಂದ ಉಚ್ಚೆಂಗಪ್ಪ.

"ಹಂಗಲ್ಲ," ಎಂದರು ಸರಸ್ವತೀಬಾಯಿ, ಎಲ್ಲರಿಗೂ ಕೇಳುವಂತೆ. "ಕಾಗಿ ಮುಟ್ಟಲಿಲ್ಲ ಅಂದ್ರ ಹೋದವನಿಗೆ ಏನೋ ಆಸೆ ಉಳಿದದ ಅಂತ. ಅದನ್ನ ನಡಸ್ತೀವಿ ಅಂತ ಮಾತು ಕೊಡಬೇಕು."

ಬಸಕ್ಕ ಬಾಟಲಿಯ ಮುಚ್ಚಳ ತೆಗೆದಳು. ಕಾಗೆ ಕದಲಲಿಲ್ಲ. ಯಾರೋ ಸಿಗರೇಟು ಹಚ್ಚಿಟ್ಟರು. ಕದಲಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕಂಬದ ಕಡೆ ತಿರುಗಿದರು.

"ನನ್ನೇನ ನೋಡ್ತೀರಿ," ಎಂದ ಓಬಳಪ್ಪ. "ಸೆಕ್ರೆಟ್ರಿನ ಕೇಳ್ರಿ. ನಾ ಹಾಡಿದ್ದೆಲ್ಲ ಲೆಕ್ಕಕ್ಕೈತಿ ಅಂತ ಅವನ ಫೋಟೊದ ಮುಂದ ಹೇಳ್ಲಿ. ಮೈಕ್‌ನ್ಯಾಗ ಹೇಳ್ಲಿ."

ತಿರುಮಲ ಮೈಕಿನ ಮುಂದೆ ಬಂದ. ಹೇಳುವುದು ಒಂದು ಮಾತು, ಹೇಳಿಬಿಟ್ಟರೆ ಮುಗಿಯಿತು. ಆದರೆ ಸತ್ತವನ ಎದುರು, ಎಡೆಯ ಮುಂದೆ, ತನಗೆ ಖಾತ್ರಿಯಿಲ್ಲದ ಮಾತನ್ನು ಖಾತ್ರಿಯೆಂದು ಹೇಗೆ ಹೇಳುವುದು? ಲೆಕ್ಕಕ್ಕೆ ಬಂತೋ ಇಲ್ಲವೋ ಗೊತ್ತಿದ್ದವನು ಕುರ್ಚಿಯ ಮೇಲೆ ಕುಳಿತವನೊಬ್ಬನೇ, ಅವನು ಬಾಯಿ ಬಿಡುತ್ತಿಲ್ಲ. ಸುಳ್ಳಾದರೆ? ನಿಜವಿದ್ದೂ ಹೇಳದಿದ್ದರೆ? ಹೊಸಪೇಟೆಯ ಮನೆಯಲ್ಲಿ ಗ್ಯಾಸ್ ಆಫ್ ಮಾಡಿದ್ದೂ ಈಗ ಅನುಮಾನವಾಗತೊಡಗಿತು.

"ಲೆಕ್ಕದ ಮಾತು ನನಗ ಗೊತ್ತಿಲ್ಲ," ಎಂದ ಕೊನೆಗೆ. ದೊಡ್ಡ ಸೆಟ್ಟಾದ್ದರಿಂದ ಅದು ಹೊಳೆಯಾಚೆಗೂ ಕೇಳಿತು. "ಇವ ಬಂದನೋ ಇಲ್ಲೋ, ನನಗ ಗ್ಯಾರಂಟಿ ಇಲ್ಲ. ನಾ ಮಾತ್ರ ವರ್ಷಾ ಬಂದೀನಿ. ಓಬಳಪ್ಪ ಹಾಡೋದು ಕೇಳಾಕ ಬಂದೀನಿ. ಅವ ಹಾಡದ ಹೋದ್ರ, ಬಾಗಲಾ ಹಾಕಿದ್ದು ನೋಡಿ ಮರಳಿ ಹೋಗೋನು ನಾನು."

ದಂಡೆಯ ಮೇಲಿದ್ದ ಬೇರೆ ಮನೆಯವರೂ ಇತ್ತ ತಿರುಗಿದರು. ಓಬಳಪ್ಪ ಕೈ ಬಿಚ್ಚಲಿಲ್ಲ. ಇನ್ನೇನು ಮಾಡಬೇಕೋ ತಿಳಿಯದೆ ತಿರುಮಲ, ಜೀವನದಲ್ಲಿ ಮೊದಲ ಸಲ, ಮೈಕಿನಲ್ಲಿ ಟಾಮಿ ಹಾರ್ಲನ್ನನ ಮೊದಲ ಹಾಡು ಎತ್ತಿಕೊಂಡ.

ಸ್ಪೀಕರುಗಳು ಒಮ್ಮೆ ಕುಯ್ ಎಂದು ಚೀರಿದವು. ಅದು ಮೈಕಿನ ಸದ್ದೋ ಹಾಡೋ ಯಾರಿಗೂ ಗೊತ್ತಾಗಲಿಲ್ಲ. ಬೇವಿನ ಮರದ ಕಾಗೆಗಳೆಲ್ಲ ಒಟ್ಟಿಗೆ ಎದ್ದು ಗಂಗಾವತಿಯ ಕಡೆ ಹಾರಿದವು. ನಾಯಿಯೊಂದು ಊಳಿಟ್ಟಿತು. ಸರಸ್ವತೀಬಾಯಿ ಕಣ್ಣು ಮುಚ್ಚಿ ಶ್ರೀಹರಿ ಎಂದರು. ತಿರುಮಲ ನಿಲ್ಲಿಸಲಿಲ್ಲ, ಎರಡನೆಯ ಸಾಲಿಗೆ ಹೋದ, ಅಲ್ಲಿಯ ಎತ್ತರದ ಸ್ವರಕ್ಕೆ ಕುತ್ತಿಗೆ ಚಾಚಿದ.

ಕಂಬದ ಕಡೆಯಿಂದ ದಾಪುಗಾಲಿನ ಸದ್ದು ಬಂತು. ಓಬಳಪ್ಪ ಮೈಕು ಕಿತ್ತುಕೊಂಡ.

"ಬಿಡಲೇ ಮಾರಾಯ. ಒಂದ ಸಲ ಸತ್ತಾನ ಅವ, ಸಾಕು."

ಹೇಳಿ, ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಹಾಡನ್ನು ಎರಡನೆಯ ಸಾಲಿನಿಂದ ಮೇಲೆತ್ತಿದ. ಘಾಟಿ ಇಳಿಯುವ ಲಾರಿಯಂತೆ ದನಿ ಮೊದಲು ತಡವರಿಸಿ, ಆಮೇಲೆ ಗೇರು ಹಿಡಿದು, ಹೊಳೆಯ ಮೇಲೆ ಸಲೀಸಾಗಿ ಹರಿಯಿತು. ತಮ್ಮ ತಮ್ಮ ಹಿರಿಯರನ್ನು ಎಲೆಯ ಮುಂದೆ ಬಿಟ್ಟು ಜನ ಇತ್ತ ಬಂದು ಕುಳಿತರು. ತಿರುಮಲ ಬರೆದುಕೊಟ್ಟಿದ್ದ ಪದಗಳು ಒಂದೂ ತಪ್ಪಲಿಲ್ಲ. ಐದನೆಯ ಹಾಡಿನ ಹೊತ್ತಿಗೆ ಎಲ್ಲಿಂದಲೋ ಒಂದು ಬಡಕಲು ಕಾಗೆ ಬಂದು ಟೇಪ್‌ರೆಕಾರ್ಡರಿನ ಮೇಲೆ ಕುಳಿತಿತು. ವಡೆಯನ್ನು ನೋಡಿತು, ಮಟನ್ನನ್ನು ನೋಡಿತು, ತಲೆ ಓರೆ ಮಾಡಿ ಯೋಚಿಸಿತು. ಮಟನ್ನಿನ ತುಂಡು ಕಚ್ಚಿಕೊಂಡು, ಹಾರುವ ದಾರಿಯಲ್ಲಿ ವಡೆಗೂ ಒಂದು ಕುಕ್ಕು ಕೊಟ್ಟು ಹೋಯಿತು.

"ಮರ್ಯಾದಸ್ಥ," ಎಂದರು ಸರಸ್ವತೀಬಾಯಿ. "ಬಡಸ್ರಿ ಇನ್ನ."

ಎರಡು ಪಂಕ್ತಿ ಕುಳಿತವು. ಓಬಳಪ್ಪ ಬೆವರು ಒರೆಸಿಕೊಳ್ಳುತ್ತ ಬಂದು ತಿರುಮಲನ ಪಂಕ್ತಿಯಲ್ಲಿ, ವಡೆ ಪಾಯಸದ ಎಲೆಯ ಮುಂದೆ ಕುಳಿತ. ಬಸಕ್ಕ ಹುಬ್ಬೇರಿಸಿದಳು. ಊಟ ಮುಗಿಯುವ ಮೊದಲೇ ಉಚ್ಚೆಂಗಪ್ಪ ಅವನನ್ನು ಗುಂಪಿಗೆ ಮರಳಿ ಸೇರಿಸಿದ. ತಿರುಮಲನ ಫೋನು ಟಿಣ್ ಎಂದಿತು. ಮಗ್ಗುಲಲ್ಲೇ ಕುಳಿತಿದ್ದ ಓಬಳಪ್ಪ ಗುಂಪಿಗೆ ಬರೆದಿದ್ದ: "ಮುಂದಿನ ವರ್ಷ ಯಾವ ದಿನ, ಈಗ ಹೇಳಿಬಿಡು."

ತಿರುಮಲ ಎಡಗೈಯಲ್ಲಿ ಅಮಾವಾಸ್ಯೆ ಎಂದು ಬರೆದ. ಅಳಿಸಿದ. ಅಮೆರಿಕದಲ್ಲಿ ಅಮಾವಾಸ್ಯೆ ಒಂದು ದಿನ ಮೊದಲೇ ಬಂದರೆ ಎಂಬ ಯೋಚನೆ ಬಂದು, ಪಂಕ್ತಿಯ ಆಚೆ ತುದಿಯಲ್ಲಿದ್ದ ತಾಯಿಯನ್ನು ಕೇಳಲು ಬಾಯಿ ತೆರೆದ. ಓಬಳಪ್ಪ ತನ್ನ ಎಲೆಯ ವಡೆಯನ್ನು ಎತ್ತಿ ಆ ಬಾಯಿಗೆ ತುರುಕಿದ. ವಡೆ ಅಲ್ಲೇ ಸಿಕ್ಕಿಕೊಂಡಿತು.